ತಿನಿಸಿಗೆ ನೈಸರ್ಗಿಕ ಬಣ್ಣ: ಕಾಸರಗೋಡಿನ ಮನೆ ಉದ್ಯಮದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಪ್ಪಳ, ಸೋಂಟೆ (ಹಲಸಿನ ಚಿಪ್ಸ್), ಶರಬತ್ತು, ಬೇಕರಿ ತಿಂಡಿ ಮಾಡಿ ಮಾರುವ ಮನೆಗಳು ಈಗ ಬೇಕಾದಷ್ಟಿವೆ. "ಇದಕ್ಕೆ ಬಣ್ಣ ಹಾಕಿದ್ದೀರಾ?" ಎಂದು ಕೇಳಿಯೇ ಕೊಳ್ಳುವ ಗಿರಾಕಿಗಳೂ ಹೆಚ್ಚಾಗಿದ್ದಾರೆ. ಪೊಟ್ಟಣದ ಬಣ್ಣ ಬಿಡಬೇಕೆಂದಿರುವ ಕುಟುಂಬಶ್ರೀ (ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ) ಘಟಕದ ಅಕ್ಕಂದಿರು, ಸಣ್ಣ ಬೇಕರಿಯವರು, ಮನೆಯಲ್ಲೇ ಶರಬತ್ತು ಕಾಯಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪೊಟ್ಟಣದ ಬಣ್ಣದಷ್ಟೇ ಗಾಢವಾದ ಬಣ್ಣ ಗಿಡದಿಂದ ಬರುತ್ತದಾ?

ಬರುವುದಿಲ್ಲ. ಕೃತಕ ಬಣ್ಣ ತಯಾರಾಗುವುದೇ ಜಿಲೇಬಿಗೆ ಹಾಕಿದರೂ ಜೆಲ್ಲಿಗೆ ಹಾಕಿದರೂ ಒಂದೇ ರೀತಿ ಕಾಣಲಿ ಎಂದು. ಗಿಡದ ಬಣ್ಣಕ್ಕೆ ಹುಳಿ, ಬಿಸಿ, ಬೆಳಕು, ಪಾತ್ರೆಯ ಲೋಹ ಎಲ್ಲವೂ ತಾಗುತ್ತವೆ. ಆದ್ದರಿಂದ "ಕೆಂಪಿಗೆ ಏನು ಹಾಕಲಿ?" ಎಂದು ಸುರು ಮಾಡಿದರೆ ಸೋಲುತ್ತೇವೆ. ನಾನು ಮಾಡುವ ತಿಂಡಿ ಹುಳಿಯದಾ? ಎಣ್ಣೆಯಲ್ಲಿ ಕರಿಯುವುದಾ, ಹಬೆಯಲ್ಲಿ ಬೇಯಿಸುವುದಾ? ಅಂಗಡಿಯ ಗಾಜಿನ ಕಪಾಟಿನಲ್ಲಿ ಎಷ್ಟು ದಿನ ಕೂರಬೇಕು? ಇವಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಬಣ್ಣ ಹುಡುಕಬೇಕು. ತಿಂಡಿಗೆ ಒಗ್ಗುವ ಬಣ್ಣ ಸಿಕ್ಕಿದರೆ ಕಣ್ಣಿಗೆ ಹಿತವಾದ, ನಾಲಗೆಗೆ ಕಿರಿಕಿರಿ ಮಾಡದ ಒಂದು ಸೊಗಸು ಬರುತ್ತದೆ. ಒಗ್ಗದ ಬಣ್ಣವನ್ನು ಎಷ್ಟು ಸುರಿದರೂ ಕೊನೆಗೆ ಕಂದೇ ಆಗುವುದು.

ಕಾನೂನು ಏನು ಹೇಳುತ್ತದೆ? ಗಿಡದಿಂದ ಬಂದದ್ದೆಲ್ಲ ಹಾಕಬಹುದಾ?

ಹಾಕುವಂತಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಾವಳಿಯಲ್ಲಿ ನೈಸರ್ಗಿಕ ಬಣ್ಣಗಳಿಗೆ ಪ್ರತ್ಯೇಕ ಪಟ್ಟಿಯೇ ಇದೆ. ಅರಿಶಿನ ಅಥವಾ ಅದರ ಸಾರವಾದ ಕುರ್ಕುಮಿನ್, ಕೇಸರಿ, ಅನಾಟೊ (ರಂಗಮಾಲೆ ಬೀಜದ ಬಣ್ಣ), ಕ್ಯಾರಮೆಲ್, ಕ್ಲೋರೋಫಿಲ್, ಬೀಟಾ ಕ್ಯಾರೋಟಿನ್, ರೈಬೋಫ್ಲೇವಿನ್ ಅದರಲ್ಲಿ ಮುಖ್ಯವಾದವು. ಕೃತಕ ಬಣ್ಣಗಳಲ್ಲಿ ಅನುಮತಿ ಇರುವುದು ಎಂಟಕ್ಕೆ ಮಾತ್ರ: ಪಾನ್ಸೊ 4ಆರ್, ಕಾರ್ಮೊಯ್ಸಿನ್, ಎರಿಥ್ರೋಸಿನ್, ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಇಂಡಿಗೊ ಕಾರ್ಮಿನ್, ಬ್ರಿಲಿಯಂಟ್ ಬ್ಲೂ, ಫಾಸ್ಟ್ ಗ್ರೀನ್. ಅವನ್ನೂ ಎಲ್ಲ ತಿನಿಸಿಗೆ ಹಾಕುವಂತಿಲ್ಲ. ಹಾಕಬಹುದಾದ ಹೆಚ್ಚಿನ ತಿನಿಸುಗಳಲ್ಲಿ ಮಿತಿ ಒಂದು ಕಿಲೋಗೆ 100 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಇಷ್ಟನ್ನು ತೂಗಲಿಕ್ಕೆ ಆಗುವುದಿಲ್ಲ, ಬೆರಳ ತುದಿಯಲ್ಲಿ ಎತ್ತಿದ ಚಿಟಿಕೆಯೇ ಇದನ್ನು ದಾಟಿಬಿಡಬಹುದು. ಕೃತಕ ಬಣ್ಣ ಬಿಡಿ ಎಂದು ಸಣ್ಣ ಘಟಕದವರಿಗೆ ಒತ್ತಿ ಹೇಳುವುದಕ್ಕೆ ನನಗಿರುವ ದೊಡ್ಡ ಕಾರಣ ಇದೇ.

ಇನ್ನೊಂದು ದಾರಿಯೂ ಇದೆ. ಬಣ್ಣದ ಸಾರವನ್ನು ಹಾಕದೆ ಬೀಟ್‌ರೂಟ್, ಪಾಲಕ್, ಪುನರ್ಪುಳಿಯಂಥ (ಮುರುಗಲು, ಕೋಕಂ) ಆಹಾರವನ್ನೇ ತಿಂಡಿಯ ಸಾಮಗ್ರಿಯಾಗಿ ಸೇರಿಸಿ, ಸಾಮಗ್ರಿಗಳ ಪಟ್ಟಿಯಲ್ಲಿ ಅದರ ಹೆಸರು ಬರೆಯುವುದು. ಮನೆ ಉದ್ಯಮಕ್ಕೆ ಇದೇ ಹೆಚ್ಚು ನೇರ. ತರಕಾರಿ ಹಾಕಿದ್ದೇವೆ, ತರಕಾರಿ ಎಂದೇ ಬರೆದಿದ್ದೇವೆ, ಅಷ್ಟೇ.

ಅರಿಶಿನ ಹಾಕಿದ ಕೇಕು ಒಲೆಯಿಂದ ಇಳಿಸುವಾಗ ಕೆಂಪಗಾಗಿರುತ್ತದೆ. ಅರಿಶಿನ ಕಲಬೆರಕೆಯದಾ?

ಹೆಚ್ಚಾಗಿ ಅಲ್ಲ. ನೀವು ಸೋಡಾ ಹೆಚ್ಚು ಹಾಕಿದ್ದೀರಿ. ಅರಿಶಿನದ ಬಣ್ಣ ಕುರ್ಕುಮಿನ್ ಎಂಬ ಅಂಶದ್ದು. ಕ್ಷಾರ ತಾಗಿದರೆ ಅದು ಕೆಂಪಿಗೆ ತಿರುಗುತ್ತದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಕದಡಿ ಓಕುಳಿ ಮಾಡುವಾಗ ನಮ್ಮ ಮನೆಗಳಲ್ಲಿ ಎಲ್ಲರೂ ನೋಡಿದ ಸಂಗತಿ ಇದು. ಕೇಕಿನಲ್ಲಿ ಸುಣ್ಣದ ಜಾಗದಲ್ಲಿ ಅಡುಗೆ ಸೋಡಾ ಅದೇ ಕೆಲಸ ಮಾಡುತ್ತದೆ. ಸೋಡಾ ಕಡಿಮೆ ಮಾಡಿ, ಹಿಟ್ಟಿಗೆ ಮೊಸರೋ ನಿಂಬೆರಸವೋ ಸೇರಿಸಿ, ಇಲ್ಲವಾದರೆ ಬೇಕಿಂಗ್ ಪೌಡರ್ ಬಳಸಿ. ಹಳದಿ ಹಳದಿಯಾಗಿಯೇ ನಿಲ್ಲುತ್ತದೆ.

ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಣ ಹಿಟ್ಟಿಗೆ ನೇರವಾಗಿ ಹಾಕಿ ಕಲಸಿದರೆ ಅಲ್ಲಲ್ಲಿ ಚುಕ್ಕೆ ಬೀಳುವುದು ಅದಕ್ಕೇ. ಒಂದು ಚಮಚ ಬಿಸಿ ತೆಂಗಿನೆಣ್ಣೆಯಲ್ಲಿ ಅರಿಶಿನವನ್ನು ಮೊದಲು ಕದಡಿಕೊಳ್ಳಿ, ಆಮೇಲೆ ಹಿಟ್ಟಿಗೆ ಸೇರಿಸಿ. ಕಡಿಮೆ ಅರಿಶಿನದಲ್ಲೇ ಹೆಚ್ಚು ಬಣ್ಣ ಬರುತ್ತದೆ, ಹಸಿ ವಾಸನೆಯೂ ಹೋಗುತ್ತದೆ. ಬೇಯಿಸುವ ಬಿಸಿಯನ್ನು ಇದು ಚೆನ್ನಾಗಿ ತಾಳುತ್ತದೆ. ತಾಳದಿರುವುದು ಬೆಳಕನ್ನು. ಅಂಗಳದ ಬಿಸಿಲಿಗೆ ಹಾಕಿದ ಅರಿಶಿನದ ಸಂಡಿಗೆ ಒಣಗುವಷ್ಟರಲ್ಲಿ ಪೇಲವವಾಗುತ್ತದೆ. ಮೇಲೆ ತೆಳು ಬಟ್ಟೆ ಹೊದೆಸಿದರೆ ಎಷ್ಟೋ ವಾಸಿ. ಮಾರಾಟಕ್ಕೆ ಇಟ್ಟಾಗಲೂ ಅಷ್ಟೇ, ಟ್ಯೂಬ್‌ಲೈಟ್ ಕೆಳಗಿನ ಗಾಜಿನ ಭರಣಿ ಅದಕ್ಕೆ ಒಳ್ಳೆಯ ಜಾಗವಲ್ಲ.

ನೇಂದ್ರ ಚಿಪ್ಸ್, ಹಲಸಿನ ಸೋಂಟೆಗೆ ಎಲ್ಲ ಕಡೆಯೂ ಒಂದೇ ಹಳದಿ ಬರುವುದು ಹೇಗೆ?

ಹಳೆಯ ಕ್ರಮವೇ ಸರಿಯಾದ ಕ್ರಮ. ಉಪ್ಪು ಮತ್ತು ಅರಿಶಿನವನ್ನು ನೀರಿನಲ್ಲಿ ಕದಡಿ ಇಟ್ಟುಕೊಳ್ಳುತ್ತಾರೆ. ಚಿಪ್ಸ್ ಮುಕ್ಕಾಲು ಪಾಲು ಬೆಂದು ಎಣ್ಣೆಯ ಗುಳ್ಳೆ ಕಡಿಮೆಯಾಗುವ ಹೊತ್ತಿಗೆ ಒಂದೆರಡು ಚಮಚದಷ್ಟು ಬಾಣಲೆಗೆ ಚಿಮುಕಿಸುತ್ತಾರೆ. ಎಣ್ಣೆ ಭರ್ರೆಂದು ಉಕ್ಕುತ್ತದೆ, ನೊರೆ ಅಂಚಿನವರೆಗೆ ಬಂದು ಇಳಿಯುತ್ತದೆ. ನೀರು ಆವಿಯಾಗಿ ಹೋಗುವ ಆ ಗಳಿಗೆಯಲ್ಲಿ ಉಪ್ಪೂ ಅರಿಶಿನವೂ ಪ್ರತಿ ಬಿಲ್ಲೆಗೂ ಸಮವಾಗಿ ಹಿಡಿಯುತ್ತವೆ. ಸದ್ದು ಪೂರ್ತಿ ನಿಂತ ಮೇಲೆಯೇ ಎತ್ತಬೇಕು. ಬೇಗ ಎತ್ತಿದರೆ ತೇವ ಉಳಿದು ಮೆತ್ತಗಾಗುತ್ತದೆ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಮಕ್ಕಳು ಹತ್ತಿರ ಇರಬಾರದು.

ನಿಂಬೆಹಣ್ಣಿನಂತೆ ಹೊಳೆಯುವ ಚಿಪ್ಸ್ ಕಂಡರೆ ಟಾರ್ಟ್ರಜೀನ್ ಇರಬಹುದೆಂದು ಸಂಶಯಪಡಲು ಕಾರಣವಿದೆ. ಬಾಳೆಕಾಯಿ ಚಿಪ್ಸಿಗೆ ಕೃತಕ ಹಳದಿ ಹಾಕಲು ಅನುಮತಿ ಇಲ್ಲ. ಅರಿಶಿನದ ಚಿಪ್ಸ್ ಬಿಲ್ಲೆಯಿಂದ ಬಿಲ್ಲೆಗೆ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ, ಅದು ಕೊರತೆಯಲ್ಲ.

ಪುನರ್ಪುಳಿಯ ಬಣ್ಣ ಶರಬತ್ತಿನಲ್ಲಿ ಚೆಂದ ಬರುತ್ತದೆ, ಬೇರೆ ತಿಂಡಿಯಲ್ಲಿ ಯಾಕೆ ಹಾಳಾಗುತ್ತದೆ?

ನಮ್ಮ ಕಡೆಯ ಗುಡ್ಡ, ತೋಟದ ಅಂಚುಗಳಲ್ಲಿ ತಾನಾಗಿ ಬೆಳೆಯುವ ಮರಗಳಲ್ಲಿ ಬಣ್ಣದ ಮಟ್ಟಿಗೆ ಇದಕ್ಕೆ ಸಮ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸಿಪ್ಪೆಯಲ್ಲಿರುವ ಬಣ್ಣ ಆಂಥೊಸಯನಿನ್ ಎಂಬ ಗುಂಪಿಗೆ ಸೇರಿದ್ದು. ಈ ಗುಂಪಿನ ಬಣ್ಣಗಳು ಹುಳಿ ಇದ್ದಲ್ಲಿ ಕೆಂಪಾಗಿ ಹೊಳೆಯುತ್ತವೆ, ಹುಳಿ ತಗ್ಗಿದರೆ ಮಂಕಾಗುತ್ತವೆ, ಸೋಡಾ ಬಿದ್ದರೆ ನೀಲಿ ಛಾಯೆಗೆ ಹೋಗಿ ಕೆಡುತ್ತವೆ. ಪುನರ್ಪುಳಿ ತನಗೆ ಬೇಕಾದ ಹುಳಿಯನ್ನು ತಾನೇ ಹೊತ್ತು ತರುತ್ತದೆ. ಆದ್ದರಿಂದಲೇ ಶರಬತ್ತು, ಜೆಲ್ಲಿ, ಜ್ಯಾಮ್, ಐಸ್‌ಕ್ಯಾಂಡಿ, ಹುಳಿ ಮಿಠಾಯಿಗೆ ಅದು ಹೇಳಿ ಮಾಡಿಸಿದ್ದು. ಕೇಕು, ಬಿಸ್ಕತ್ತು, ಹಾಲಿನ ಸಿಹಿಗೆ ಅಲ್ಲ; ಹಾಲಿಗೆ ಹಾಕಿದರೆ ಒಡೆಯುತ್ತದೆ ಕೂಡ.

ಬಣ್ಣ ತೆಗೆಯುವಾಗ ಕುದಿಸುವ ಆತುರ ಬೇಡ. ಹಣ್ಣು ಗಾಢ ಕೆಂಪಿಗೆ ಬಂದ ಮೇಲೆ ಕೊಯ್ದು, ತೊಳೆದು, ಪಸೆ ಆರಿಸಿ, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಂತೆ ತುಂಬಿ. ಸಿಪ್ಪೆಯ ತೂಕದ ಎರಡು ಪಾಲು ಸಕ್ಕರೆ ಸಾಮಾನ್ಯ ಲೆಕ್ಕ. ಸಕ್ಕರೆಯೇ ರಸವನ್ನು ಎಳೆಯುತ್ತದೆ. ಮರುದಿನ ನೋಡಿದರೆ ಭರಣಿಯ ತಳದಲ್ಲಿ ಕೆಂಪು ಪಾಕ ನಿಂತಿರುತ್ತದೆ, ಮೇಲಿನ ಸಿಪ್ಪೆ ಸುಕ್ಕುಗಟ್ಟಿರುತ್ತದೆ. ದಿನಾ ಒಣ ಸೌಟಿನಲ್ಲಿ ತಿರುವಿ, ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ. ಹೀಗೆ ತೆಗೆದ ಪಾಕಕ್ಕೂ ಗಂಟೆಗಟ್ಟಲೆ ಕುದಿಸಿ ತೆಗೆದದ್ದಕ್ಕೂ ಇರುವ ವ್ಯತ್ಯಾಸವನ್ನು ಒಮ್ಮೆ ಗ್ಲಾಸಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಕಬ್ಬಿಣ, ತಾಮ್ರದ ಪಾತ್ರೆ ತಾಗಿಸಬೇಡಿ. ಲೋಹ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಸ್ಟೀಲ್ ಸಾಕು. ಪಾಕಕ್ಕೆ ವಿಟಮಿನ್ ಸಿ ಸೇರಿಸಿದರೆ ಒಳ್ಳೆಯದೆಂದು ಕೆಲವರು ಹೇಳುವುದುಂಟು, ಆದರೆ ಆಂಥೊಸಯನಿನ್ ಬಣ್ಣವನ್ನು ಅದು ಬೇಗ ಕೆಡಿಸುತ್ತದೆ. ಬೇಡ.

ಮೇ ಕೊನೆಗೆ ಮಳೆ ಹಿಡಿದರೆ ಮರದಲ್ಲಿರುವ ಹಣ್ಣು ಹಾಳಾಗುತ್ತದೆ, ಕೊಯ್ದ ಸಿಪ್ಪೆಯೂ ಒಣಗುವುದಿಲ್ಲ. ವರ್ಷಕ್ಕೆ ಬೇಕಾದ್ದನ್ನು ಎಪ್ರಿಲ್, ಮೇ ಬಿಸಿಲಿನಲ್ಲೇ ಮಾಡಿ ಮುಗಿಸಬೇಕು.

ಬೀಟ್‌ರೂಟಿನ ಹಪ್ಪಳ ಹಸಿಯಾಗಿ ಕೆಂಪು, ಕರಿದ ಮೇಲೆ ಕಂದು. ಪರಿಹಾರ ಏನು?

ಪೂರ್ತಿ ಪರಿಹಾರ ಇಲ್ಲ. ಬೀಟ್‌ರೂಟಿನ ಬಣ್ಣ ಬೆಟಾಲೈನ್ ಜಾತಿಯದು, ಬಿಸಿಗೆ ಬಹಳ ಬೇಗ ಸೋಲುತ್ತದೆ. ಕುದಿಯುವ ಎಣ್ಣೆಯಲ್ಲಿ ಅದು ಉಳಿಯುವ ಪ್ರಶ್ನೆಯೇ ಇಲ್ಲ. ಕರಿಯುವ ಹಪ್ಪಳಕ್ಕೆ ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನ ಕಡೆಗೆ ಹೋಗಿ. ಅದರ ಬಣ್ಣ ಎಣ್ಣೆಗೂ ಬಿಸಿಗೂ ಒಗ್ಗುತ್ತದೆ, ಖಾರವೂ ಕಡಿಮೆ. ಹಾವೇರಿ ಸೀಮೆಯ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೀಜ ತೆಗೆದು, ಬರಿಯ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ರುಬ್ಬಿದರೆ ಖಾರ ಇನ್ನೂ ಇಳಿಯುತ್ತದೆ.

ಬೀಟ್‌ರೂಟನ್ನು ತಣ್ಣಗಿನ ಕೆಲಸಕ್ಕೆ ಇಟ್ಟುಕೊಳ್ಳಿ: ಐಸ್‌ಕ್ರೀಂ, ಕೇಕಿನ ಮೇಲಿನ ಕ್ರೀಂ, ಮೊಸರಿನ ಪಾನೀಯ, ಒಲೆಯಿಂದ ಇಳಿಸಿ ಆರಿದ ಮೇಲೆ ಬಣ್ಣ ಸೇರಿಸುವ ತೆಂಗಿನಕಾಯಿ ಬರ್ಫಿ. ಸ್ವಲ್ಪ ನಿಂಬೆರಸ ಸೇರಿದರೆ ಬಣ್ಣ ನಿಲ್ಲುತ್ತದೆ, ಮಣ್ಣಿನ ವಾಸನೆಯೂ ತಗ್ಗುತ್ತದೆ. ಪುನರ್ಪುಳಿಗೆ ಬೇಡ ಎಂದ ವಿಟಮಿನ್ ಸಿ ಇದಕ್ಕೆ ಆಗುತ್ತದೆ. ಎರಡೂ ಕೆಂಪೇ ಆದರೂ ಒಳಗಿನ ರಾಸಾಯನಿಕ ಬೇರೆ.

ಬಸಳೆ ಹಣ್ಣು, ಕೆಂಪು ಹರಿವೆ?

ಬಣ್ಣದ ಮಟ್ಟಿಗೆ ಎರಡೂ ಬೀಟ್‌ರೂಟಿನ ಬಳಗವೇ. ಬಸಳೆ ಚಪ್ಪರದ ಕಪ್ಪು ಹಣ್ಣು ಹಿಂಡಿದರೆ ಕೈಯೆಲ್ಲ ನೇರಳೆಯಾಗುವುದನ್ನು ಇಲ್ಲಿಯ ಮಕ್ಕಳೆಲ್ಲ ನೋಡಿದ್ದಾರೆ. ಮನೆಯಲ್ಲಿ ದೋಸೆಗೆ, ಐಸ್‌ಕ್ಯಾಂಡಿಗೆ ಹಾಕಿ ಖುಷಿಪಡಬಹುದು. ಮಾರಾಟದ ಮಾಲಿಗೆ ಇದನ್ನು ನೆಚ್ಚಿಕೊಳ್ಳಬೇಡಿ, ಬೇಗ ಮಾಸುತ್ತದೆ. ಹರಿವೆಯನ್ನು ಒಣಗಿಸಿ ಪುಡಿ ಮಾಡಿ ಶ್ಯಾವಿಗೆ ಹಿಟ್ಟಿಗೆ ಸೇರಿಸುವವರಿದ್ದಾರೆ. ತೆಳು ಗುಲಾಬಿ ಸಾಕು ಎನ್ನುವವರಿಗೆ ಅದು ಸರಿ.

ಬೆಣ್ಣೆ, ಬಿಸ್ಕತ್ತು, ಮಿಕ್ಸ್ಚರಿಗೆ ಕೇಸರಿ ಬಣ್ಣ ಬೇಕು. ಕುಂಕುಮಕೇಸರಿ ಕೈಗೆಟಕುವುದಿಲ್ಲ.

ಅನಾಟೊ ನೋಡಿ. ಮುಳ್ಳುಮುಳ್ಳಾದ ಕೆಂಪು ಕಾಯಿ ಬಿಡುವ ಗಿಡ. ನಮ್ಮಲ್ಲಿ ರಂಗಮಾಲೆ ಎನ್ನುತ್ತಾರೆ, ಮಲಯಾಳದಲ್ಲಿ ಕುಪ್ಪಮಂಞಳ್. ಹಲವು ಮನೆಗಳಲ್ಲಿ ಬೇಲಿಯ ಬದಿಯಲ್ಲಿ ಚಂದಕ್ಕೆಂದು ನೆಟ್ಟದ್ದಿರುತ್ತದೆ. ಬೀಜದ ಮೇಲಿನ ಕೆಂಪು ಪದರದಲ್ಲಿ ಬಿಕ್ಸಿನ್ ಎಂಬ ಬಣ್ಣವಿದೆ. ಪಾಶ್ಚಾತ್ಯ ದೇಶಗಳಲ್ಲಿ ಚೀಸು, ಬೆಣ್ಣೆಗೆ ಹಳದಿ ಬರಲು ಇದನ್ನು ಹಾಕುವುದುಂಟು. ಬೀಜವನ್ನು ಎಣ್ಣೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಎಣ್ಣೆ ಕಿತ್ತಳೆ ಬಣ್ಣಕ್ಕೆ ಬಂದ ಕೂಡಲೇ ಇಳಿಸಿ ಸೋಸಬೇಕು. ಬೀಜ ಕಪ್ಪಾಗುವವರೆಗೆ ಬಿಟ್ಟರೆ ಎಣ್ಣೆ ಕಹಿ, ಬಣ್ಣ ಕಂದು. ಸೋಸಿದ ಎಣ್ಣೆಯನ್ನು ಬಣ್ಣದ ಬಾಟಲಿಯಲ್ಲಿ ಇಟ್ಟುಕೊಂಡು ಚಮಚದ ಲೆಕ್ಕದಲ್ಲಿ ಹಿಟ್ಟಿಗೆ ಸೇರಿಸಬಹುದು.

ಇದು ಎಣ್ಣೆಯ ಬಣ್ಣ. ಶರಬತ್ತಿಗೆ ಹಾಕಿದರೆ ಮೇಲೆ ತೇಲುತ್ತದೆ. ನೀರಿನಲ್ಲಿ ಕರಗುವಂತೆ ಮಾಡಿದ ಅನಾಟೊ ಪೇಟೆಯಲ್ಲಿ ಸಿಗುತ್ತದೆ, ಆದರೆ ಹುಳಿ ಪಾನೀಯದಲ್ಲಿ ಅದು ತಳಕ್ಕೆ ಕೂರುತ್ತದೆ. ಅಪರೂಪಕ್ಕೆ ಕೆಲವರಿಗೆ ಅನಾಟೊ ಅಲರ್ಜಿ ಇರುವುದರಿಂದ ಲೇಬಲಿನಲ್ಲಿ ಹೆಸರು ಬಿಡಬೇಡಿ.

ಹೋಟೆಲಿನಲ್ಲಿ ಕೊಡುವ ಗುಲಾಬಿ ನೀರಿನ ಚಕ್ಕೆಯಿಂದ ತಿಂಡಿಗೆ ಬಣ್ಣ ತೆಗೆಯಬಹುದಾ?

ಪದಿಮುಗಂ ಅಥವಾ ಸಪ್ಪಂಗ ಮರದ ಚಕ್ಕೆ ಅದು. ಕುದಿಸಿ ಕುಡಿಯುವ ನೀರಾಗಿ ಕೇರಳದಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿದೆ. ಬಣ್ಣವಾಗಿ ಪ್ಯಾಕೆಟ್ ತಿಂಡಿಗೆ ಹಾಕುವುದು ಬೇರೆ ವಿಷಯ, ಮೇಲೆ ಹೇಳಿದ ಬಣ್ಣಗಳ ಪಟ್ಟಿಯಲ್ಲಿ ಅದಿಲ್ಲ. ಒಗ್ಗುವುದೂ ಇಲ್ಲ: ನಿಂಬೆರಸ ಬಿದ್ದರೆ ಗುಲಾಬಿ ಹೋಗಿ ಹಳದಿಯಾಗುತ್ತದೆ. ನೀರಿಗೇ ಇರಲಿ.

ಹಲಸಿನ ಹಣ್ಣಿನ ಕೊಟ್ಟಿಗೆಗೆ (ಎಲೆಯಲ್ಲಿ ಬೇಯಿಸುವ ಕಡುಬಿಗೆ) ತೇಗದ ಎಲೆಯಿಂದ ಬರುವ ಕೆಂಪು ಹಾನಿಕರವಾ?

ಎಳೆಯ ತೇಗದ ಎಲೆಯಲ್ಲಿ ಹಿಟ್ಟು ಸುತ್ತಿ ಹಬೆಯಲ್ಲಿ ಬೇಯಿಸುವ ಕ್ರಮ ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದ ಇದೆ. ಬಿಡಿಸಿದಾಗ ಕೊಟ್ಟಿಗೆಯ ಮೈಮೇಲೆ ಎಲೆಯ ನರನರವೂ ತೆಳು ಕೆಂಪಾಗಿ ಅಚ್ಚೊತ್ತಿರುತ್ತದೆ. ಎಲೆಯಿಂದ ತಿಂಡಿಗೆ ಇಳಿಯುವ ಈ ಬಣ್ಣ ತುಸುವೇ, ಈ ಬಳಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೇ ಎಲೆಯನ್ನು ಜಜ್ಜಿ ಸಾರ ತೆಗೆದು ಬಾಟಲಿ ತುಂಬಿ ಎಲ್ಲ ತಿಂಡಿಗೂ ಸುರಿಯುವುದನ್ನು ಒಪ್ಪಲಾರೆ. ಹಬ್ಬಕ್ಕೊಮ್ಮೆ ಎಲೆಯಲ್ಲಿ ಬೇಯಿಸಿ ತಿಂದ ಅನುಭವ ಗಟ್ಟಿ ಸಾರಕ್ಕೆ ಸಾಕ್ಷಿಯಾಗುವುದಿಲ್ಲ.

ಹಸಿರು ಬಣ್ಣ ಉಳಿಯುವುದೇ ಇಲ್ಲವಲ್ಲ?

ಎಲೆಯ ಹಸಿರಿಗೆ ಹುಳಿಯೂ ದೀರ್ಘ ಬಿಸಿಯೂ ಶತ್ರು. ಎರಡೂ ಸೇರಿದರೆ ಕ್ಲೋರೋಫಿಲ್‌ನೊಳಗಿನ ಮೆಗ್ನೀಶಿಯಂ ಕಳಚಿಕೊಂಡು ಹಸಿರು ಪಾಚಿ ಬಣ್ಣಕ್ಕೆ ಇಳಿಯುತ್ತದೆ. ಪಾಲಕನ್ನು ಕುದಿಯುವ ನೀರಿನಲ್ಲಿ ಮುಚ್ಚಳ ಹಾಕದೆ ಒಂದು ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ನುಣ್ಣಗೆ ರುಬ್ಬಿ ಹಿಟ್ಟಿಗೆ ಸೇರಿಸಿ. ಶ್ಯಾವಿಗೆ, ಚಪಾತಿ, ನಿಪ್ಪಟ್ಟಿಗೆ ಸಾಕಷ್ಟು ಚೆನ್ನಾಗಿ ಬರುತ್ತದೆ. ನಿಂಬೆ ಶರಬತ್ತಿಗೆ ಎಲೆಯ ಹಸಿರು ಹಾಕುವ ಆಸೆ ಬಿಡಿ.

ಕಂದು ಬಣ್ಣ?

ಅದು ಸುಲಭ. ಸಕ್ಕರೆಯನ್ನು ಕಂದಾಗುವವರೆಗೆ ಕರಗಿಸಿ, ಬಿಸಿನೀರು ಸೇರಿಸಿದ ಕ್ಯಾರಮೆಲ್ ಪಾಕ ಬಿಸಿ, ಬೆಳಕು, ಹುಳಿ ಮೂರನ್ನೂ ತಾಳುತ್ತದೆ. ಪ್ಲಮ್ ಕೇಕಿನ ಬಣ್ಣವೂ ಘಮವೂ ಇದರದ್ದೇ. ನಮ್ಮ ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ 1883ರಲ್ಲೇ ಮಂಬಳ್ಳಿ ಬಾಪು ಅವರು ಕ್ರಿಸ್ಮಸ್ ಕೇಕು ಮಾಡಿದ್ದರೆಂಬುದು ಪ್ರಸಿದ್ಧ. ಈ ಸೀಮೆಯ ಬೇಕರಿಯವರ ಕೈಗೆ ಕ್ಯಾರಮೆಲ್ ಹೊಸದಲ್ಲ. ನೀರು ಹಾಕುವಾಗ ಸಿಡಿಯುತ್ತದೆ, ದೂರದಿಂದ ಸ್ವಲ್ಪಸ್ವಲ್ಪವೇ ಹಾಕಿ.

ಶಂಖಪುಷ್ಪದ ನೀಲಿ ಎಲ್ಲರಿಗೂ ಇಷ್ಟ. ಪ್ಯಾಕೆಟ್ ಮಾಡಿ ಮಾರಬಹುದಾ?

ಬಿಸಿನೀರಿಗೆ ಹೂ ಹಾಕಿದರೆ ಕಡು ನೀಲಿ, ನಿಂಬೆ ಹಿಂಡಿದರೆ ನೇರಳೆ. ಬೇರೆ ಹೂಗಳ ಆಂಥೊಸಯನಿನ್‌ಗಿಂತ ಇದರ ಬಣ್ಣ ಗಟ್ಟಿ ಕೂಡ. ಅಮೆರಿಕದಲ್ಲಿ ಇದರ ಸಾರವನ್ನು ಆಹಾರದ ಬಣ್ಣವಾಗಿ ಬಳಸಲು 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಯ ಒಪ್ಪಿಗೆ ಇಲ್ಲಿ ನಡೆಯುವುದಿಲ್ಲ. ಮನೆಯ ಸಮಾರಂಭಕ್ಕೆ ಧಾರಾಳವಾಗಿ ಮಾಡಿ. ಮೊಹರು ಹಾಕಿ ಮಾರುವ ಮೊದಲು ಆಹಾರ ಸುರಕ್ಷತಾ ಅಧಿಕಾರಿಯ ಹತ್ತಿರ ಲಿಖಿತವಾಗಿ ಕೇಳಿ. ಹೂ ಕೊಯ್ಯುವಾಗ ಹಸಿರು ತೊಟ್ಟು ತೆಗೆಯಿರಿ, ಕೀಟನಾಶಕ ಹೊಡೆದ ಬೇಲಿಯ ಹೂ ಮುಟ್ಟಬೇಡಿ.

ನೈಸರ್ಗಿಕ ಎಂದ ಮೇಲೆ ಎಷ್ಟು ತಿಂದರೂ ತೊಂದರೆ ಇಲ್ಲ ಅಲ್ಲವಾ?

ಹಾಗೆಂದು ಯಾರಿಗೂ ಮಾತು ಕೊಡಬೇಡಿ. ಕುರ್ಕುಮಿನ್‌ಗೂ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಮಿತಿ ಹಾಕಿದೆ: ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ಅಡುಗೆಗೆ ಹಾಕುವ ಅರಿಶಿನದಲ್ಲಿ ಕುರ್ಕುಮಿನ್ ಇರುವುದು ಶೇಕಡಾ ಕೆಲವೇ ಪಾಲು, ಹಾಗಾಗಿ ಊಟದಲ್ಲಿ ಚಿಂತೆ ಬೇಡ. ಗಟ್ಟಿ ಸಾರ, ಕ್ಯಾಪ್ಸೂಲ್ ಬೇರೆ ಲೆಕ್ಕ.

ಅಪಾಯ ಹೆಚ್ಚಿರುವುದು ಕಲಬೆರಕೆಯಲ್ಲಿ. ಅರಿಶಿನದ ಹೊಳಪು ಹೆಚ್ಚಿಸಲು ಸೀಸದ ಕ್ರೋಮೇಟ್, ಮೆಟಾನಿಲ್ ಯೆಲ್ಲೊ ಎಂಬ ಅನುಮತಿ ಇಲ್ಲದ ಹಳದಿ ಬಣ್ಣಗಳನ್ನು ಬೆರೆಸುವುದುಂಟು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಮೆಣಸಿನ ಪುಡಿಗೆ ಸೂಡಾನ್ ಎಂಬ ಕೈಗಾರಿಕಾ ಬಣ್ಣ ಬೆರೆಸಿದ್ದು 2003ರಲ್ಲಿ ಯುರೋಪಿನಲ್ಲಿ ಪತ್ತೆಯಾಗಿ ಭಾರತದ ಮೆಣಸಿಗೇ ಕೆಟ್ಟ ಹೆಸರು ಬಂತು. ನೀವು ನಂಬಿಕೆಯಿಂದ "ಅರಿಶಿನದ ಬಣ್ಣ ಮಾತ್ರ" ಎಂದು ಬರೆದು, ಒಳಗಿನ ಅರಿಶಿನವೇ ಸುಳ್ಳಾದರೆ?

ಗ್ಲಾಸು ನೀರಿಗೆ ಒಂದು ಚಮಚ ಅರಿಶಿನ ಹಾಕಿ, ಕಲಕದೆ ಬಿಡಿ. ಒಳ್ಳೆಯದಾದರೆ ಪುಡಿ ತಳಕ್ಕೆ ಇಳಿದು ನೀರು ತೆಳು ಹಳದಿಯಾಗುತ್ತದೆ. ಇಳಿಯುವಾಗಲೇ ನೀರು ಕಡು ಹಳದಿಯಾದರೆ ಆ ಪುಡಿ ಬೇಡ. ಮೆಣಸಿನ ಪುಡಿಯನ್ನು ನೀರಿನ ಮೇಲೆ ಉದುರಿಸಿದಾಗ ಬಣ್ಣ ಗೆರೆಗೆರೆಯಾಗಿ ಇಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣವಿದೆ. ಸೀಸವಾಗಲಿ ಸೂಡಾನ್ ಆಗಲಿ ಇಷ್ಟರಲ್ಲೇ ಗೊತ್ತಾಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಎಲ್ಲಕ್ಕಿಂತ ಒಳ್ಳೆಯದು ಇಡೀ ಅರಿಶಿನ ಕೊಂಬು ಕೊಂಡು ನೀವೇ ಪುಡಿ ಮಾಡಿಸುವುದು.

ಮಕ್ಕಳ ತಿಂಡಿಯಲ್ಲಿ ಕೃತಕ ಬಣ್ಣದ ಬಗ್ಗೆ ಹೆದರಿಕೆ ನಿಜವಾ?

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಕೃತಕ ಬಣ್ಣಗಳ ಮಿಶ್ರಣ ಮತ್ತು ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ ಸೇವಿಸಿದ ಮಕ್ಕಳಲ್ಲಿ ಚಡಪಡಿಕೆ ಹೆಚ್ಚಾದದ್ದು ಕಂಡುಬಂತು. ಅದರ ನಂತರ 2010ರಿಂದ ಯುರೋಪಿನಲ್ಲಿ ಆರು ಬಣ್ಣಗಳಿಗೆ ಲೇಬಲಿನಲ್ಲಿ ಎಚ್ಚರಿಕೆಯ ಸಾಲು ಕಡ್ಡಾಯವಾಯಿತು. ಆ ಆರರಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್, ಪಾನ್ಸೊ 4ಆರ್ ನಮ್ಮಲ್ಲಿ ಅನುಮತಿ ಇರುವವೇ. ಎಲ್ಲ ಮಕ್ಕಳಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಜಾತ್ರೆಯ ಸಂತೆಯಲ್ಲಿ ಮಗುವಿನ ನಾಲಗೆ, ತುಟಿ, ಅಂಗಿ ಎಲ್ಲ ಕೆಂಪಾಗಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಣ್ಣ ಮಗುವಿಗೆ ಬೇಕೆಂದಿರಲಿಲ್ಲ, ಮಾರುವವರಿಗೆ ಬೇಕಿತ್ತು.

ಮಂಗಳೂರು, ಪುತ್ತೂರಿಗೂ ಮಾಲು ಕಳಿಸುತ್ತೇವೆ. ಕರ್ನಾಟಕದ ನಿಷೇಧ ನಮಗೆ ತಾಗುತ್ತದಾ?

ಅಲ್ಲಿ ಮಾರುವಾಗ ತಾಗುತ್ತದೆ. ಕರ್ನಾಟಕ 2024ರ ಮಾರ್ಚಿನಲ್ಲಿ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ರೋಡಮಿನ್-ಬಿ ಮೊದಲಾದ ಬಣ್ಣಗಳ ಮೇಲೆ, ಜೂನಿನಲ್ಲಿ ಕಬಾಬಿನ ಕೃತಕ ಬಣ್ಣದ ಮೇಲೆ ನಿಷೇಧ ತಂದಿತು. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಗಡಿಯ ಆಚೆಯಾಗಲಿ ಈಚೆಯಾಗಲಿ ಭಾರತದಲ್ಲಿ ಎಲ್ಲಿಯೂ ಆಹಾರಕ್ಕೆ ಹಾಕುವಂತಿಲ್ಲ. ಗಡಿಯ ತಲಪಾಡಿ ದಾಟಿದರೆ ಬದಲಾಗುವುದು ತಪಾಸಣೆ ಮಾಡುವ ಅಧಿಕಾರಿ, ಮೂಲ ಕಾನೂನು ಇಡೀ ದೇಶಕ್ಕೆ ಒಂದೇ.

ಲೇಬಲಿನಲ್ಲಿ ಏನು ಬರೆಯಬೇಕು? ಕನ್ನಡದಲ್ಲಿ ಬರೆದರೆ ಸಾಕಾ?

ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಅದರ ಜೊತೆಗೆ ಕನ್ನಡ, ಮಲಯಾಳ ಎರಡನ್ನೂ ಹಾಕಲು ಅಡ್ಡಿಯಿಲ್ಲ, ಹಾಕಲೇಬೇಕೆಂದು ನನ್ನ ಅಭಿಪ್ರಾಯ. ಬದಿಯಡ್ಕದ ಅಂಗಡಿಯಲ್ಲಿ ಕೊಳ್ಳುವ ಅಜ್ಜಿಗೆ ತಾನು ತಿನ್ನುವುದರಲ್ಲಿ ಏನಿದೆಯೆಂದು ತನ್ನ ಭಾಷೆಯಲ್ಲಿ ಓದುವ ಹಕ್ಕಿದೆ. ಬಣ್ಣದ ಸಾರ ಸೇರಿಸಿದ್ದರೆ ಅನುಮತಿ ಪಡೆದ ನೈಸರ್ಗಿಕ ಬಣ್ಣ ಇದೆ ಎಂಬ ಸಾಲು, ಅದರ ಹೆಸರು ಅಥವಾ ಐಎನ್‌ಎಸ್ ಸಂಖ್ಯೆ (ಆಹಾರಕ್ಕೆ ಸೇರಿಸುವ ವಸ್ತುಗಳನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) ಬೇಕು. ಕುರ್ಕುಮಿನ್‌ಗೆ 100, ಕ್ಯಾರಮೆಲ್‌ಗೆ 150, ಅನಾಟೊಗೆ 160ಬಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಮರೆಯಬೇಡಿ.

"ನೈಸರ್ಗಿಕ" ಎಂದು ದೊಡ್ಡದಾಗಿ ಅಚ್ಚು ಹಾಕುವ ಮೊದಲು 2018ರ ಜಾಹೀರಾತು ನಿಯಮ ಓದಿ. ಹಲವು ಸಾಮಗ್ರಿ ಸೇರಿದ ತಿಂಡಿಯನ್ನು ನೈಸರ್ಗಿಕ ಎಂದು ನೇರವಾಗಿ ಕರೆಯುವಂತಿಲ್ಲ. ಎಲ್ಲ ಸಾಮಗ್ರಿಯೂ ಆ ನಿಯಮಕ್ಕೆ ಹೊಂದಿದರೆ ಮಾತ್ರ ನೈಸರ್ಗಿಕ ಸಾಮಗ್ರಿಗಳಿಂದ ಮಾಡಿದ್ದು ಎನ್ನಬಹುದು.

ಶುದ್ಧ ಸಸ್ಯಾಹಾರಿಗಳಿಗೆ, ದೇವಸ್ಥಾನದ ಸೇವೆಗೆ ಕೊಡುವ ತಿನಿಸಿನಲ್ಲಿ ಎಚ್ಚರ ಬೇಕಾದದ್ದೇನು?

ಐಎನ್‌ಎಸ್ 120. ಅದು ಕಾರ್ಮಿನ್, ಒಂದು ಜಾತಿಯ ಕೀಟದಿಂದ ತೆಗೆಯುವ ಕೆಂಪು. ನೈಸರ್ಗಿಕ ಹೌದು, ಸಸ್ಯಜನ್ಯ ಅಲ್ಲ. ಹೊರದೇಶದ ಮಿಠಾಯಿ ಚೂರು, ಕೇಕಿನ ಅಲಂಕಾರದ ಸಾಮಾನು ತರುವಾಗ ಹಿಂಬದಿಯ ಸಣ್ಣ ಅಕ್ಷರ ಓದಿ.

ಮಳೆಗಾಲದಲ್ಲಿ ಬಣ್ಣದ ಪುಡಿಗಳು ಗಟ್ಟಿಯಾಗುತ್ತವೆ, ಬೂಸ್ಟು ಹಿಡಿಯುತ್ತವೆ.

ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು, ಜೂನಿನಿಂದ ಗಾಳಿಯೇ ಒದ್ದೆ. ದೊಡ್ಡ ಡಬ್ಬದಲ್ಲಿ ತುಂಬಿಟ್ಟು ದಿನಾ ತೆರೆಯುವುದನ್ನು ಬಿಡಿ. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಮೊಹರು ಹಾಕಿ, ಬೆಳಕು ಬೀಳದ ಡಬ್ಬದಲ್ಲಿಡಿ. ಒದ್ದೆ ಚಮಚ ಹಾಕಬೇಡಿ, ಕುದಿಯುವ ಪಾತ್ರೆಯ ಮೇಲೆ ಹಿಡಿದು ಉದುರಿಸಬೇಡಿ, ಹಬೆ ಒಳಗೆ ಹೋಗುತ್ತದೆ. ಬೂಸ್ಟು ಕಂಡದ್ದನ್ನು ಮೇಲಿಂದ ಕೆರೆದು ಬಳಸುವುದು ಖಂಡಿತ ಬೇಡ. ಪೇಟೆಯ ಬೀಟ್‌ರೂಟ್ ಪುಡಿ ಉದುರುದುರಾಗಿರುವುದಕ್ಕೆ ಹೆಚ್ಚಾಗಿ ಅದರಲ್ಲಿ ಬೆರೆಸಿದ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದಿಂದ ಮಾಡಿದ ಪುಡಿ ಕಾರಣ. ಕೊಳ್ಳುವಾಗ ಅದೆಷ್ಟು, ಬೀಟ್‌ರೂಟ್ ಎಷ್ಟು ಎಂದು ಕೇಳಿ.

ಗಿರಾಕಿಗಳು "ಬಣ್ಣ ಸಾಲದು" ಎಂದು ಬೇರೆ ಅಂಗಡಿಗೆ ಹೋಗುತ್ತಾರೆ.

ಕೆಲವರು ಹೋಗುತ್ತಾರೆ, ಸುಳ್ಳು ಹೇಳುವುದಿಲ್ಲ. ಒಂದೇ ದಿನ ಎಲ್ಲ ಬದಲಿಸಬೇಡಿ. ಮೊದಲು ಚಿಪ್ಸ್, ಸೋಂಟೆ ಪೂರ್ತಿ ಅರಿಶಿನಕ್ಕೆ ಬರಲಿ, ಅಲ್ಲಿ ವ್ಯತ್ಯಾಸ ಕಡಿಮೆ. ಆಮೇಲೆ ಶರಬತ್ತು. ಕೊನೆಗೆ ಲಾಡು, ಹಲ್ವ. ಅಂಗಡಿಯ ಮುಂದೆ ಪುನರ್ಪುಳಿಯ ಒಣ ಸಿಪ್ಪೆ, ಅರಿಶಿನ ಕೊಂಬು, ರಂಗಮಾಲೆಯ ಕಾಯಿ ಒಂದೊಂದು ಬಟ್ಟಲಿನಲ್ಲಿ ಇಡಿ. ಕೇಳಿದವರ ಕೈಗೆ ಕಾಯಿ ಬಿಡಿಸಿ ಕೊಟ್ಟು, ಬೆರಳಿಗೆ ಬಣ್ಣ ಹತ್ತುವುದನ್ನು ತೋರಿಸಿ. ಮಾತಿಗಿಂತ ಅದು ಬೇಗ ನಾಟುತ್ತದೆ.

ಬಣ್ಣಕ್ಕೆಂದೇ ಗಿಡ ನೆಡುವುದಾದರೆ ಯಾವುದು? ಪರೀಕ್ಷೆ, ತರಬೇತಿ ಎಲ್ಲಿ?

ಅಡಿಕೆ, ತೆಂಗಿನ ತೋಟದ ನಡುವೆ ಅರಿಶಿನ ಚೆನ್ನಾಗಿ ಬರುತ್ತದೆ. ಕೋಝಿಕ್ಕೋಡಿನ ಭಾರತೀಯ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಪ್ರಭಾ, ಪ್ರತಿಭಾ ತಳಿಗಳಲ್ಲಿ ಕುರ್ಕುಮಿನ್ ಶೇ. 6ಕ್ಕಿಂತ ಹೆಚ್ಚು, ಬಣ್ಣಕ್ಕಾಗಿ ಬೆಳೆಯುವುದಾದರೆ ಇವನ್ನೇ ಹುಡುಕಿ. ಪುನರ್ಪುಳಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಇರುವುದರಿಂದ ಬೀಜದ ಸಸಿಗಿಂತ ಕಸಿ ಗಿಡ ಲೇಸು. ರಂಗಮಾಲೆ ಬೇಲಿಗೆ ಎರಡು ಗಿಡ ಸಾಕು.

ತರಬೇತಿಗೆ ಕುಡ್ಲುವಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆವರಣದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪರೀಕ್ಷೆಗೆ ಕೋಝಿಕ್ಕೋಡಿನ ಸರ್ಕಾರಿ ಪ್ರಾದೇಶಿಕ ವಿಶ್ಲೇಷಣಾ ಪ್ರಯೋಗಾಲಯ ಇದೆ, ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇದೆ. ಮಾದರಿ ಕಳಿಸುವ ಮೊದಲು ಫೋನ್ ಮಾಡಿ ಎಷ್ಟು ಗ್ರಾಂ ಬೇಕು, ಯಾವ ಪಾತ್ರೆಯಲ್ಲಿ ಕಳಿಸಬೇಕು, ಶುಲ್ಕ ಎಷ್ಟು ಎಂದು ಕೇಳಿಕೊಳ್ಳಿ. ಅದೇ ತಯಾರಿಯ ಇನ್ನೊಂದು ಪೊಟ್ಟಣವನ್ನು ದಿನಾಂಕ ಬರೆದು ನಿಮ್ಮಲ್ಲೂ ಇಟ್ಟುಕೊಳ್ಳಿ.